ಒಂದು ಮಾತಿನ ನೆಂಟರು

ಇಳಕಲ್ಲ
೧೦ ಜೂನ್ ೨೦೨೪

ಜಯಶ್ರೀ ಟೀಚರ್ ಅವರಿಗೆ,

ಇನ್ನು ಮುಂದೆ ಹೀಗೇ ಕರೆಯುತ್ತೇನೆ, ನೀವು ಎಂದೇ ಬರೆಯುತ್ತೇನೆ. ಫೋನಿನಲ್ಲಿ ನಿಮ್ಮ ನಂಬರು ಬ್ಲಾಕ್ ಮಾಡಿದ್ದೇನೆ, ಕರೆ ಮಾಡಿ ಕಾಯಬೇಡಿ. ಈ ಪತ್ರವನ್ನೂ ಬರೆಯುತ್ತಿರಲಿಲ್ಲ. ಆದರೆ ನಿನ್ನೆ ನಡೆದದ್ದು ತಿಳಿಯದಿದ್ದರೆ ನೀವು ನೆಮ್ಮದಿಯಾಗಿ ಇದ್ದುಬಿಡುತ್ತೀರಿ.

ನಿನ್ನೆ ಗಾಳೆಪ್ಪ ಕಾಕಾ ಹುನಗುಂದದಿಂದ ಇಳಕಲ್ಲಿಗೆ ಬಂದಿದ್ದರು. ನಾನು ಖಾನಾವಳಿಯಲ್ಲಿ ಆಫೀಸಿನವರ ಜೊತೆ ಊಟಕ್ಕೆ ಕೂತಿದ್ದೆ. ಅಪ್ಪನ ತಮ್ಮನೆಂಬ ಸಲುಗೆಯಿಂದ ಬಾಗಿಲಲ್ಲೇ ನಿಂತು, ಒಳಗಿನವರಿಗೆಲ್ಲ ಕೇಳಿಸುವ ಹಾಗೆ ಹೇಳಿದರು.

“ನಿಮ್ಮವ್ವಗ ನಾಕು ತಿಂಗಳಂತ. ನಿನಗರ ಗೊತ್ತೈತೋ ಇಲ್ಲೋ?”

“ಏನು ನಾಕು ತಿಂಗಳು?”

“ಹೊಟ್ಟೀಲೆ ಅದಾಳಂತ. ಮಗಳ ಮದವಿ ಮಾಡೋ ವಯಸ್ಸಿನ್ಯಾಗ.”

ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. ನನ್ನ ಪಕ್ಕದವಳು ನೀರಿನ ಲೋಟದೊಳಗೆ ನಕ್ಕಳು. ರೊಟ್ಟಿ ಬಿಟ್ಟು ಎದ್ದೆ.

ಆ ಸೋಡಾದವನನ್ನು ನೀವು ಮದುವೆಯಾದಾಗ ನಾನು ತಕರಾರು ಮಾಡಲಿಲ್ಲ. ಬಾದಾಮಿಯ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ. ಒಬ್ಬರೇ ಇರುತ್ತೀರಿ, ಸಂಜೆ ಮಾತಾಡಲು ಒಂದು ಜೀವ ಇರಲಿ ಎಂದುಕೊಂಡೆ. ಮಾತಾಡಲು.

ದಿನ ಬೆಳಗಾದರೆ ನಾನು ನಮ್ಮ ಗ್ರಾನೈಟ್ ಕೊಳ್ಳುವ ಸ್ಪೇನಿನವರಿಗೆ ಅವರ ಭಾಷೆಯಲ್ಲಿ ಬರೆಯುವವಳು. ಆ ಭಾಷೆಯಲ್ಲಿ ಬಸುರಿಗೆ ‘ಎಂಬರಾಸಾದಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಎಂಬರಾಸ್’ ಎಂಬ ಮಾತಿದೆಯಲ್ಲ, ನಾಲ್ಕು ಜನರ ಮುಂದೆ ಮುಖ ಎಲ್ಲಿಡಬೇಕೋ ತಿಳಿಯದಂತಾಗುವುದು, ಅದು ಇದರ ರಕ್ತಸಂಬಂಧಿ. ಗಿಡ ಒಂದೇ, ಟೊಂಗೆ ಎರಡು. ಹೆಸರಿಟ್ಟವರು ನಿಮ್ಮನ್ನು ನೋಡಿಯೇ ಇಟ್ಟಂತಿದೆ.

ನಿಮಗೆ ದೂರದವಳಾದ,
ಮಾಯಾ


ಬಾದಾಮಿ
೧೮ ಜೂನ್ ೨೦೨೪

ಮಾಯಾ,

ನೀವು ಎಂದು ಬರೆಯುವುದಾಗಿ ಹೇಳಿದ್ದೀಯ. ಪುಟದ ಹಿಂದೆ ಎರಡು ಕಡೆ ‘ನೀನು’ ಎಂದು ಬರೆದು, ಹೊಡೆದು, ತಿದ್ದಿದ್ದೀಯ. ಸಿಟ್ಟಾಗುವವರು ಒಮ್ಮೆ ಗಟ್ಟಿಯಾಗಿ ತೀರ್ಮಾನ ಮಾಡಿಕೊಂಡು ಸಿಟ್ಟಾಗಬೇಕು.

ನಿನ್ನ ತಂದೆ ತೀರಿದ ಮೇಲೆ ಇಷ್ಟು ವರ್ಷ ಗಾಳೆಪ್ಪನಿಗೆ ಹುನಗುಂದದಿಂದ ಬಾದಾಮಿಗೆ ಬಸ್ಸು ಸಿಗಲಿಲ್ಲ. ನಿನಗೆ ಟೈಫಾಯ್ಡ್ ಆಗಿ ದವಾಖಾನೆಯಲ್ಲಿ ಮಲಗಿದ್ದಾಗ ಸಿಗಲಿಲ್ಲ. ನಿನ್ನನ್ನು ಹೈದರಾಬಾದಿನ ಕಾಲೇಜಿಗೆ ಬಿಡಲು ಗಂಡಸೊಬ್ಬ ಜೊತೆಗೆ ಬೇಕಾಗಿದ್ದಾಗಲೂ ಸಿಗಲಿಲ್ಲ. ಈಗ ಇಳಕಲ್ಲಿನವರೆಗೂ ಸಿಕ್ಕಿದೆ. ಅಂಥವನ ಮಾತು ಕೇಳಿ ನೀನು ರೊಟ್ಟಿ ಬಿಟ್ಟು ಎದ್ದೆಯಲ್ಲ, ನನಗೆ ಬೇಸರವಾದದ್ದು ಅದೊಂದೇ.

ಅವರ ಹೆಸರು ಕಲ್ಲೇಶ. ಬಸ್ ನಿಲ್ದಾಣದ ಎದುರಿಗೆ ಸೋಡಾ ಅಂಗಡಿ ಇದೆ, ಅದು ಊರಿಗೇ ಗೊತ್ತು. ಅದನ್ನೊಂದು ಬೈಗುಳ ಮಾಡಲು ನೀನು ಪಟ್ಟಿರುವ ಕಷ್ಟ ಕಂಡು ಕನಿಕರವಾಯಿತು. ಪತ್ರ ಮೇಜಿನ ಮೇಲೇ ಇತ್ತು, ಅವರೂ ಓದಿದರು. “ಅಕ್ಷರ ಚಂದ ಅದಾವ” ಎಂದರು.

ಬಾಗಲಕೋಟೆಯ ಡಾಕ್ಟರಮ್ಮ, “ನಲವತ್ಮೂರಕ್ಕ ಅಪಾಯ ಇರತೈತ್ರಿ, ವಿಚಾರ ಮಾಡಿ ಹೇಳ್ರಿ” ಎಂದರು. ವಿಚಾರ ಮಾಡಿದೆ. ಇಟ್ಟುಕೊಳ್ಳುತ್ತೇನೆ ಎಂದೆ. ಯಾಕೆ ಎಂದು ನೀನು ಕೇಳಿಲ್ಲ. ಕೇಳಿದ್ದರೂ ಪತ್ರದಲ್ಲಿ ಹೇಳುತ್ತಿರಲಿಲ್ಲ.

ಇನ್ನು ನಿನ್ನ ಆ ಪರದೇಶಿ ಮಾತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಯೇ ನಿನ್ನನ್ನು ಓದಿಸಿದವಳು ನಾನು. ಮಾತುಗಳ ನೆಂಟಸ್ತಿಕೆ ಹೇಳುವವರು ಯಾರು ತಾಯಿ, ಯಾರು ಮಗಳು ಎಂಬುದನ್ನೂ ಹೇಳಬೇಕು. ಸ್ಪ್ಯಾನಿಶ್ ಮಾತು ಮೊದಲೋ, ಇಂಗ್ಲಿಷ್ ಮಾತು ಮೊದಲೋ? ನಾಚಿಕೆ ಎಂಬ ಅರ್ಥ ಅದರೊಳಗೆ ಯಾವಾಗ ಹೊಕ್ಕಿತು, ಯಾರ ಕಡೆಯಿಂದ? ತಿಳಿಯದಿದ್ದರೆ ತಿಳಿಯದು ಎಂದು ಬರೆ. ಅರ್ಧ ಕಲಿತದ್ದನ್ನು ಬಡಿಗೆ ಮಾಡಿಕೊಂಡು ಬೀಸಲು ಬಂದರೆ ನಮ್ಮ ಒಂಬತ್ತನೇ ತರಗತಿಯ ಹುಡುಗರೂ ನಗುತ್ತಾರೆ.

ನಿನ್ನ ತಾಯಿ, ನೀನು ಏನೇ ಕರೆದರೂ,
ಜಯಶ್ರೀ


ಇಳಕಲ್ಲ
೬ ಜುಲೈ ೨೦೨೪

ಜಯಶ್ರೀ ಟೀಚರ್ ಅವರಿಗೆ,

ಪರೀಕ್ಷೆ ಕೊಟ್ಟಿದ್ದೀರಿ, ಉತ್ತರ ಬರೆಯುತ್ತೇನೆ.

ಸ್ಪ್ಯಾನಿಶ್ ಮಾತೇ ಮೊದಲು. ‘ಎಂಬರಾಸಾರ್’ ಎಂದರೆ ಅಡ್ಡಿ ಮಾಡುವುದು, ತೊಡಕು ಹಾಕುವುದು. ಅಲ್ಲಿಂದ ಫ್ರೆಂಚರು ತೆಗೆದುಕೊಂಡರು, ಫ್ರೆಂಚರಿಂದ ಇಂಗ್ಲಿಷರು. ಇನ್ನೂ ಹಿಂದಕ್ಕೆ ಹೋದರೆ ಪೋರ್ಚುಗೀಸಿನ ಕಡೆ ‘ಬರಾಸು’ ಎಂಬ ಮಾತು ಸಿಗುತ್ತದೆ. ಬರಾಸು ಎಂದರೆ ಹಗ್ಗ. ಮೂಲ ಅದೇ ಇರಬೇಕು ಎಂದು ಬಲ್ಲವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಅಲ್ಲ, ಬಾಗಿಲಿಗೆ ಅಡ್ಡ ಹಾಕುವ ಪಟ್ಟಿ ‘ಬಾರ್’ನಿಂದ ಬಂದದ್ದು ಎನ್ನುವವರೂ ಇದ್ದಾರೆ. ಹಗ್ಗವೋ ಅಡ್ಡಪಟ್ಟಿಯೋ, ನಿಮಗೆ ಬೇಕಾದುದನ್ನು ಆರಿಸಿಕೊಳ್ಳಿ. ಎರಡರ ಅರ್ಥವೂ ಒಂದೇ. ನಡೆಯುತ್ತಿದ್ದವರು ಇನ್ನು ನಡೆಯುವಂತಿಲ್ಲ.

ನಿಮ್ಮನ್ನು ನೀವೇ ಕಟ್ಟಿಕೊಂಡಿದ್ದೀರಿ. ನನ್ನನ್ನೂ ಸೇರಿಸಿ. ನಿಮಗೆ ಅರವತ್ತಾದಾಗ ಆ ಕೂಸಿಗೆ ಹದಿನೇಳು. ಅದರ ಸಾಲಿ, ಕಾಲೇಜು ಯಾರ ಕೊರಳಿಗೆ ಬೀಳುತ್ತದೆ ಎಂದು ವಿಚಾರ ಮಾಡಿದಿರಾ? ನನ್ನನ್ನು ಕೇಳಿದಿರಾ?

ಇಲ್ಲಿ ನಮ್ಮ ಮ್ಯಾನೇಜರ್ ಪ್ರವೀಣಕುಮಾರ ಎಂಬವನಿದ್ದಾನೆ. ಮಾಲಕರ ಅಳಿಯ. ಕಲ್ಲು ಯಾವುದು, ಇಟ್ಟಂಗಿ ಯಾವುದು ತಿಳಿಯದು. “ಸ್ಪ್ಯಾನಿಶ್ ಮೊಬೈಲೇ ಮಾಡ್ತೈತಿ, ನಿನಗ್ಯಾಕ ಪಗಾರ ಕೊಡಬೇಕು” ಎಂದು ವಾರಕ್ಕೊಮ್ಮೆ ಅನ್ನುತ್ತಾನೆ. ಹೋದ ವಾರ ಸರಕು ಹಡಗಿಗೆ ತಡವಾಯಿತು. ‘ನಮಗೆ ಮುಜುಗರವಾಗಿದೆ’ ಎಂದು ಸ್ಪೇನಿನ ಗಿರಾಕಿಗೆ ತಾನೇ ಸ್ಪ್ಯಾನಿಶ್‌ನಲ್ಲಿ ಬರೆದ. ಇಂಗ್ಲಿಷ್ ಮಾತಿಗೆ ಬಾಲ ಹಚ್ಚಿದರೆ ಸ್ಪ್ಯಾನಿಶ್ ಆಗುತ್ತದೆ ಎಂದು ಅವನ ತಿಳಿವಳಿಕೆ. ನಾವೆಲ್ಲರೂ ಬಸುರಾಗಿದ್ದೇವೆ ಎಂದು ಕಂಪನಿಯ ಹೆಸರಿನಲ್ಲಿ ಪತ್ರ ಹೋಯಿತು. ಪಿಲಾರ್ ಎಂಬ ಆ ಗಿರಾಕಿ ಹೆಂಗಸು ಉತ್ತರ ಬರೆದಳು: “ಅಭಿನಂದನೆಗಳು. ನಾನೂ ಹಾಗೇ ಇದ್ದೇನೆ. ಸೆಪ್ಟೆಂಬರಿನಲ್ಲಿ ಕಲ್ಲಿನ ಬ್ಲಾಕ್ ಆರಿಸಲು ಬಂದಾಗ ಭೇಟಿಯಾಗೋಣ.” ಅವನು ಅದನ್ನು ನನ್ನಿಂದ ಓದಿಸಿಕೊಂಡು, ತಪ್ಪು ನನ್ನದೆಂದು ಮಾಲಕರಿಗೆ ಹೇಳಿದ.

ಎಲ್ಲಿ ನೋಡಿದರೂ ಇದೇ ಸುದ್ದಿ.

ಮಾಯಾ


ಬಾದಾಮಿ
೯ ಆಗಸ್ಟ್ ೨೦೨೪

ಮಾಯಾ,

ಹಗ್ಗ ಎಂದು ಓದಿದಾಗ ನಿನ್ನ ಓದು ದಂಡವಾಗಿಲ್ಲ ಎನಿಸಿತು. ಹಗ್ಗ ನನಗೆ ಗೊತ್ತು. ಕಾಲು ಬಾತಿವೆ. ಮಾಳಿಗೆಯ ಮೇಲಿನ ತರಗತಿಗೆ ಹತ್ತಲು ಆಗುವುದಿಲ್ಲ, ಹೆಡ್ ಮಾಸ್ತರರು ಕೆಳಗಿನ ಕೋಣೆ ಕೊಟ್ಟಿದ್ದಾರೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಉಸಿರು ಬೇಕಾಗುತ್ತದೆ. ಅಡ್ಡಿ, ತೊಡಕು, ಎಲ್ಲ ಖರೆ. ಆದರೆ ನಾನು ಕೇಳಿದ್ದು ನಾಚಿಕೆಯ ವಿಷಯ. ಅದಕ್ಕೆ ನೀನು ಉತ್ತರ ಬರೆದಿಲ್ಲ. ಪ್ರಶ್ನೆ ಬಿಟ್ಟು ಪುಟ ತುಂಬಿಸಿದವರಿಗೆ ನಾನು ಅಂಕ ಕೊಡುವುದಿಲ್ಲ.

ಸಾಲಿಯಲ್ಲಿ ಲಲಿತಾ ಟೀಚರ್ ಸ್ಟಾಫ್ ರೂಮಿನ ಬಾಗಿಲು ಹಾಕಿ, “ಅಕ್ಕಾರ, ಇದು ಬೇಕಂತನ ಆಗಿದ್ದೋ, ಆಗಿ ಹೋತೋ?” ಎಂದು ಕೇಳಿದಳು. “ನಿಮ್ಮ ಮೂರು ಮಕ್ಕಳಾಗ ಬೇಕಂತ ಆಗಿದ್ದು ಯಾವುದು ಹೇಳ್ರಿ, ಆಮ್ಯಾಲೆ ನಾ ಹೇಳ್ತೇನಿ” ಎಂದೆ. ಈಗ ಅವಳು ಬೇರೆ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಾಳೆ. ಗಾಳಿ ಚೆನ್ನಾಗಿ ಬರುತ್ತಿದೆ.

ನಿನಗೆ ತಿಳಿಸಬೇಕಾದ ವಿಷಯ ಒಂದಿದೆ. ಹೋದ ರವಿವಾರ ಗಾಳೆಪ್ಪ ಬಂದಿದ್ದ. ಚಪ್ಪಲಿ ಕಳೆಯದೆ ಪಡಸಾಲೆಗೆ ಬಂದು ಗೋಡೆ ನೋಡಿದ. “ನಮ್ಮಣ್ಣನ ಫೋಟೋ ಕೊಡ್ರಿ. ಈ ಮನ್ಯಾಗಿನ ಕಾರಬಾರ ಅವ ನೋಡಬಾರದು” ಎಂದ. ಕಲ್ಲೇಶ ಆಗ ಮನೆಯಲ್ಲೇ ಇದ್ದರು. ನನ್ನ ಮುಖ ನೋಡಿದರು. ನಾನು ಸ್ಟೂಲ್ ಹಾಕಿಕೊಂಡು ಹತ್ತಲು ಹೋದೆ, ಆಗಲಿಲ್ಲ. ಅವರೇ ಇಳಿಸಿ, ಒರೆಸಿ, ಕಾಗದ ಸುತ್ತಿ ಕೊಟ್ಟರು. ದೊಡ್ಡ ಫೋಟೋ, ನಿನಗೆ ಗೊತ್ತಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಕೇಳಿದನಂತೆ. ಅಣ್ಣನ ಮಾನ ಉಳಿಸಲು ಬಂದವನು ಕಂಡಕ್ಟರನ ಜೊತೆ ಗುಳೇದಗುಡ್ಡದವರೆಗೆ ಜಗಳವಾಡಿದನಂತೆ.

ಯಾಕೆ ಕೊಟ್ಟಿ ಎಂದು ನೀನು ಕೇಳಬಹುದು. ನಿನ್ನ ತಂದೆಯ ಜೊತೆ ನಾನು ಬಾಳ್ವೆ ಮಾಡಿದ್ದೇನೆ. ಅವರನ್ನು ನೆನೆಯಲು ನನಗೆ ಮೊಳೆ ಬೇಕಾಗಿಲ್ಲ.

ಏಳನೇ ತಿಂಗಳಿಗೆ ಉಡಿ ತುಂಬಿ ಕುಬಸ ಮಾಡುವವರು ಯಾರೂ ಇಲ್ಲ. ತವರಿನಲ್ಲಿ ಹತ್ತಿರದವರು ಉಳಿದಿಲ್ಲ, ದೂರದವರಿಗೆ ನಾನು ಮೈಲಿಗೆ. ನಾನೇ ಹಸಿರು ಸೀರೆ, ಒಂದು ಕುಪ್ಪಸದ ಖಣ ತಂದುಕೊಂಡು ಉಟ್ಟೆ. ಹಸಿರು ನನಗೆ ಒಪ್ಪುತ್ತದೆ.

ಜಯಶ್ರೀ


ಇಳಕಲ್ಲ
೨೪ ಸೆಪ್ಟೆಂಬರ್ ೨೦೨೪

ಅವ್ವಾ,

ಆಗಸ್ಟಿನಲ್ಲೇ ಹುನಗುಂದಕ್ಕೆ ಹೋಗಿದ್ದೆ. ಕಾಕಾನ ಪೆಂಡಾಲ್ ಸಾಮಾನಿನ ಗೋದಾಮಿನಲ್ಲಿ, ಬಾಡಿಗೆ ಕುರ್ಚಿಗಳ ಹಿಂದೆ, ಗೋಡೆಗೆ ಆನಿಸಿ ಅಪ್ಪನ ಫೋಟೋ ಇಟ್ಟಿತ್ತು. ನೀನು ಸುತ್ತಿಸಿದ ಕಾಗದವನ್ನೂ ಬಿಚ್ಚಿರಲಿಲ್ಲ. “ಮನ್ಯಾಗ ಜಾಗ ಇಲ್ಲ, ದೀಪಾವಳಿಗೆ ಸುಣ್ಣ ಹಚ್ಚಿದ ಮ್ಯಾಲೆ ಹಾಕ್ತೇನಿ” ಎಂದರು. ಎರಡಂತಸ್ತಿನ ಮನೆ, ಜಾಗ ಇಲ್ಲವಂತೆ. ನಾನು ಎತ್ತಿಕೊಂಡು ಬಂದೆ. ಈಗ ನನ್ನ ಕೋಣೆಯಲ್ಲಿದೆ.

ನನಗೆ ಕೆಲಸವಿಲ್ಲ ಈಗ. ಹೇಗಾಯಿತು ಎಂದು ಬರೆಯುತ್ತೇನೆ.

ಹೋದ ಗುರುವಾರ ಪಿಲಾರ್ ಬಂದಳು. ನಿನ್ನ ವಯಸ್ಸಿನವಳೇ. ಹೊಟ್ಟೆ ಎದ್ದು ಕಾಣುತ್ತಿತ್ತು. ತಲೆಗೆ ವಸ್ತ್ರ ಕಟ್ಟಿಕೊಂಡು, ಬಿಸಿಲಿನಲ್ಲಿ ಕ್ವಾರಿಯ ತುಂಬ ಓಡಾಡಿ, ಒಂದೊಂದು ಬ್ಲಾಕಿಗೂ ನೀರು ಹೊಡೆಸಿ ಬಿರುಕು ಹುಡುಕುತ್ತಿದ್ದಳು. ಕೆಂಪು ಕಲ್ಲಿನಲ್ಲಿ ಕೂದಲೆಳೆಯಂಥ ಗೆರೆ ಇದ್ದರೂ ಬಿಡಲಿಲ್ಲ. ಪ್ರವೀಣಕುಮಾರ ಅವಳ ಹಿಂದೆ ಕೊಡೆ ಹಿಡಿದು ನಡೆಯುತ್ತ, ಅವಳ ಕಡೆ ನೋಡಿ ಹಲ್ಲು ಬಿಡುತ್ತ, ನಮ್ಮವರಿಗೆ ಕನ್ನಡದಲ್ಲಿ ಹೇಳಿದ.

“ಇಂಥಾ ಹೊಟ್ಟಿ ಹೊತ್ಕೊಂಡು ದೇಶಾ ತಿರಗತಾಳ ನೋಡ್ರಿ. ಈ ವಯಸ್ಸಿಗೆ ಬಸರಾಗಾಕ ನಾಚಿಗ್ಯರ ಬ್ಯಾಡಾ?”

ಕ್ರೇನಿನವನಿಂದ ಹಿಡಿದು ಎಲ್ಲರೂ ನಕ್ಕರು. ಅವಳು ತಿರುಗಿ ನನ್ನನ್ನು ಕೇಳಿದಳು, “ಏನು ಹೇಳಿದರು?” ಅವನು ನನಗೆ, “ಬಿಸಲು ಭಾಳ ಐತಿ, ಕಾಳಜಿ ತಗೋರಿ ಅಂದ್ರು ಅಂತ ಹೇಳು” ಎಂದ.

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಅವನು ಹೇಳಿದ್ದನ್ನೇ, ಮಾತಿಗೆ ಮಾತು, ಸ್ಪ್ಯಾನಿಶ್‌ನಲ್ಲಿ ಹೇಳಿದೆ. ಹೇಳುವಾಗ ಎರಡು ಬೇರೆ ಮಾತು ಬೇಕಾದವು. ಬಸಿರಿಗೆ ಎಂಬರಾಸಾದಾ. ನಾಚಿಕೆಗೆ ‘ವೆರ್ಗುಯೆನ್ಸಾ’. ಒಂದರೊಳಗೆ ಇನ್ನೊಂದಿಲ್ಲ. ನೀನು ಕೇಳಿದ ಪ್ರಶ್ನೆಗೆ ಇದು ಉತ್ತರ. ಆ ಮಾತಿನಲ್ಲಿ ನಾಚಿಕೆ ಇರಲಿಲ್ಲ. ಇಂಗ್ಲಿಷಿಗೆ ಹೋದ ಟೊಂಗೆಯಲ್ಲೂ ಮೊದಲು ತಡೆ, ಗೊಂದಲ ಎಂದೇ ಅರ್ಥವಿತ್ತು. ನಾಚಿಕೆಯನ್ನು ಅವರು ಆಮೇಲೆ ತುಂಬಿಕೊಂಡದ್ದು.

ಪಿಲಾರ್ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಕೊಡೆ ಹಿಡಿದಿದ್ದ ಅವನ ಕೈ ಮೆಲ್ಲಗೆ ಇಳಿಯಿತು. “ಈ ಮನುಷ್ಯನಿಗೆ ಹೇಳು, ನಾನು ಕಲ್ಲು ನೋಡಲು ಬಂದಿದ್ದೆ. ನೋಡಿದೆ” ಎಂದಳು. ಒಪ್ಪಿದ ಬ್ಲಾಕಿಗೆ ಗುರುತು ಹಾಕಲು ತಂದಿದ್ದ ಬಣ್ಣದ ಡಬ್ಬಿಯನ್ನು ಅವನ ಕಾಲ ಬಳಿ ಇಟ್ಟು ಕಾರು ಹತ್ತಿದಳು. ಒಂದು ಬ್ಲಾಕಿಗೂ ಗುರುತು ಹಾಕಿರಲಿಲ್ಲ.

ಸಂಜೆಗೆ ಮಾಲಕರು ನನ್ನನ್ನು ಕರೆದರು. “ಹೇಳಿದ್ದಷ್ಟ ಹೇಳೂದು ನಿನ್ನ ಕೆಲಸ” ಎಂದರು. “ಹೇಳಿದ್ದಷ್ಟ ಹೇಳೇನ್ರಿ” ಎಂದೆ. ಪ್ರವೀಣಕುಮಾರ ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಕುಬಸ ನೀನೇ ಮಾಡಿಕೊಂಡೆ ಎಂದು ಬರೆದಿದ್ದೆ. ಹಸಿರು ಯಾವ ಹಸಿರು?

ಮಾಯಾ


ಬಾದಾಮಿ
೩ ಅಕ್ಟೋಬರ್ ೨೦೨೪

ಮಾಯಾ,

ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಸಹಿಸಿಕೊ. ಬಿ.ಪಿ. ಏರಿದೆ. ಡಾಕ್ಟರಮ್ಮ ಸಾಲಿಗೆ ಹೋಗಬಾರದೆಂದಿದ್ದಾರೆ. ಕಲ್ಲೇಶ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಅನ್ನಕ್ಕಿಡುತ್ತಾರೆ. ಸಾರು ಇನ್ನೂ ಕಲಿಯಬೇಕು.

ಕ್ವಾರಿಯಲ್ಲಿ ನೀನು ಮಾಡಿದ್ದು ಸರಿ. ಅಳಿಯನೆಂಬ ಒಂದೇ ಅರ್ಹತೆಯಿಂದ ಕುರ್ಚಿ ಹಿಡಿದವನಿಗೆ ಒಂದು ದಿನ ಇಂಥದ್ದು ಆಗಲೇಬೇಕಿತ್ತು. ಆದರೆ ನೀನು ಬಹಳ ಹಿಗ್ಗಬೇಡ. ಅವನು ಆ ಹೆಂಗಸಿಗೆ ಅಂದದ್ದಕ್ಕೂ ಜೂನ್ ತಿಂಗಳಿನಲ್ಲಿ ನೀನು ನನಗೆ ಬರೆದದ್ದಕ್ಕೂ ಏನು ಅಂತರ? ಅವನು ಕನ್ನಡದಲ್ಲಿ ಅಂದ, ನೀನು ಎರಡು ಪರದೇಶಿ ಭಾಷೆ ಸೇರಿಸಿ ಅಂದೆ. ಅವಳಿಗಾದರೆ ಹೇಳಿದವನು ಯಾರೋ ಒಬ್ಬ. ಕಾರು ಹತ್ತಿ ಹೋದಳು. ನಾನು ಯಾವ ಕಾರು ಹತ್ತಲಿ?

ಕ್ಷಮಿಸು ಎಂದು ಬರೆಯಬೇಡ. ಆ ಮಾತು ನಮ್ಮಿಬ್ಬರ ಬಾಯಿಗೂ ಒಪ್ಪುವುದಿಲ್ಲ. ಕೆಲಸ ಹೋಯಿತೆಂದು, ಹೋಗಲು ಬೇರೆ ಜಾಗವಿಲ್ಲವೆಂದು ಇಲ್ಲಿಗೆ ಬರಬೇಡ. ಬರಬೇಕೆನಿಸಿದರೆ ಬಾ.

ಗಿಳಿಹಸಿರು.

ಅವ್ವ


ಬಾಗಲಕೋಟೆ
೪ ನವೆಂಬರ್ ೨೦೨೪

ಮಾಯಾ ಅವರಿಗೆ,

ನಾ ಕಲ್ಲೇಶ ಬರಿಯೂದು. ನಿಮ್ಮ ಫೋನ್ ನಂಬರ್ ನನ್ನ ಕಡೆ ಇಲ್ಲ, ನಿಮ್ಮವ್ವಾರಿಗೆ ಕೇಳಿದರ ಕೊಡವಲ್ಲರು. ಕೋಣಿ ಅಡ್ರೆಸ್ ಲಕೋಟಿ ಮ್ಯಾಲೆ ಇತ್ತು. ಇಳಕಲ್ಲಿಗೆ ಸೋಡಾದ ಸಾಮಾನು ತರಾಕ ಹೊಂಟ ದೇವಪ್ಪನ ಕೈಯಾಗ ಕೊಟ್ಟು ಕಳಿಸೇನಿ.

ನಿನ್ನೆ ನಿಮ್ಮವ್ವಾರಿಗೆ ಬಿ.ಪಿ. ಭಾಳ ಏರಿ ಇಲ್ಲಿ ವಿದ್ಯಾಗಿರಿ ದವಾಖಾನಿಗೆ ಕರಕೊಂಡು ಬಂದೇವಿ. ನಾಳೆ ಮುಂಜಾನೆ ಆಪರೇಶನ್ ಮಾಡ್ತಾರಂತ. ಡಾಕ್ಟರ ಬರೇ ನನ್ನ ಸಹಿ ತಗೊಂಡ್ರು. ತಾಯಿ ಉಳಿಬೇಕೋ ಕೂಸು ಉಳಿಬೇಕೋ ಅಂತ ಕೇಳಿದ್ರ ಏನ ಹೇಳ್ಲಿ ಅಂತ ಅವರನ್ನ ಕೇಳಿದೆ. “ಇಬ್ಬರೂ ಅಂತ ಹೇಳ್ರಿ, ನಿಮಗ ಅಷ್ಟೂ ಬರೂದಿಲ್ಲೇನು” ಅಂತ ಬೈದರು. ಅಂದರ ಇನ್ನೂ ಗಟ್ಟಿ ಅದಾರ.

ಅವರು ನಿಮ್ಮನ್ನ ಕರಿ ಅಂದಿಲ್ಲ. ನಾ ಕರ್ಯಾಕ ಹತ್ತೇನಿ.

ಕಲ್ಲೇಶ


ಬಾದಾಮಿ
೨೯ ನವೆಂಬರ್ ೨೦೨೪

ಮಾಯಾ,

ಎದ್ದು ಕೂತು ಬರೆಯುವಷ್ಟಾಗಿದ್ದೇನೆ. ಕೂಸು ಎರಡು ಕಿಲೋ ದಾಟಿದೆ. ಹೆಣ್ಣೆಂದು ನೀನು ನೋಡಿದ್ದೀಯ. ಪೆಟ್ಟಿಗೆಯಂಥ ಆ ಗಾಜಿನೊಳಗೆ ಮಲಗಿದ್ದಾಗ ಇಲಿಮರಿಯಂತಿತ್ತು. ಈಗ ಅಳಲು ಕಲಿತಿದೆ, ಲಲಿತಾ ಟೀಚರ್‌ಗಿಂತ ಜೋರು.

ಆಪರೇಶನ್ ಆದ ಮರುದಿನ ನೀನು ವಾರ್ಡಿಗೆ ಬಂದಾಗ ನನಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡಿದ್ದೆ. ನಿನ್ನ ಮುಖ ಹೇಗಿದೆಯೋ ನೋಡಲು ಧೈರ್ಯ ಬರಲಿಲ್ಲ. ನೀನು ನನ್ನ ಹೊದಿಕೆಯನ್ನು ಪಾದದವರೆಗೆ ಎಳೆದು ಸ್ಟೂಲಿನ ಮೇಲೆ ಕೂತೆ. ಆಗ ಗಾಳೆಪ್ಪ ಬಂದ. ಸತ್ತರೆ ಮಂದಿ ಏನಂದಾರೆಂದು ಬಂದಿರಬೇಕು. ನರ್ಸ್ ನಿನ್ನನ್ನು, “ಇವರಿಗೆ ನೀವು ಏನಾಗಬೇಕ್ರಿ?” ಎಂದು ಕೇಳಿದಳು. ನೀನು ಬಾಯಿ ತೆರೆಯುವ ಮೊದಲು ಅವನೇ ಹೇಳಿದ, “ಏನಂತ ಹೇಳೂದ್ರಿ ಸಿಸ್ಟರ್, ಹೇಳಾಕ ನಮಗ ನಾಚಿಗಿ ಬರತೈತಿ.”

“ಕಾಕಾ,” ಎಂದೆ ನೀನು. ದನಿ ಏರಲಿಲ್ಲ. “ನಾಚಿಗಿ ನಿಮ್ಮದು. ಅದನ್ನ ನೀವು ಹುನಗುಂದಕ್ಕ ಒಯ್ರಿ. ಇಕಿ ನಮ್ಮವ್ವ. ಆ ಕೂಸಿಗೆ ನಾ ಅಕ್ಕ.”

ಅವನ ಚಪ್ಪಲಿಯ ಸದ್ದು ಹೊರಗೆ ಹೋಗುವವರೆಗೂ ಕೇಳಿಸಿಕೊಂಡೆ. ಆಗಲೂ ನಾನು ಕಣ್ಣು ತೆರೆಯಲಿಲ್ಲ. ಇನ್ನೂ ಏನಾದರೂ ಹೇಳುತ್ತೀಯೇನೋ ಎಂದು ಮಲಗೇ ಇದ್ದೆ. ನೀನೂ ನನ್ನ ಮಗಳೇ. ಹೇಳಲಿಲ್ಲ. ಕಲ್ಲೇಶ ಚಹಾ ತಂದರು, ನಿನಗೆ “ಕುಡೀರಿ” ಎಂದರು, ನೀನು ಕುಡಿದೆ. ಹೊತ್ತಾಗುವವರೆಗೂ ಇಬ್ಬರೂ ಗಾಜಿನ ಮುಂದೆ ನಿಂತಿದ್ದಿರಂತೆ. ಆಮೇಲೆ ನೀನು ಬಸ್ಸಿಗೆ ಹೋದೆಯಂತೆ.

ಬರುವ ಗುರುವಾರ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಲು ಸೋದರತ್ತೆ ಬೇಕು. ಕಲ್ಲೇಶರಿಗೆ ಅಕ್ಕತಂಗಿಯರಿಲ್ಲ, ನಮ್ಮ ಕಡೆಯವರು ಬರುವುದಿಲ್ಲ, ಬಂದರೂ ನಾನು ಅವರ ಬಾಯಿ ಕೂಸಿನ ಕಿವಿಯ ಹತ್ತಿರ ಬಿಡುವುದಿಲ್ಲ. ನೀನು ಬಂದು ಹೇಳಬೇಕು. ಏನು ಹೆಸರೆಂದು ನಾವಿಬ್ಬರೂ ಇನ್ನೂ ವಿಚಾರ ಮಾಡಿಲ್ಲ, ನೀನೇ ಯೋಚಿಸಿಕೊಂಡು ಬಾ.

ಎರಡು ಮಾತು. ಕರೆಯಲು ಸುಲಭವಿರಬೇಕು, ಸಾಲಿಯಲ್ಲಿ ಹಾಜರಿ ಕೂಗುವವರು ಎಲ್ಲರೂ ನನ್ನಂತೆ ಇರುವುದಿಲ್ಲ. ಮತ್ತೆ, ಬೆಳಗಿನ ಬಸ್ಸಿಗೇ ಬಾ, ನಾನು ಇನ್ನೂ ಒಬ್ಬಳೇ ಕೂಸಿಗೆ ನೀರೆರೆಯಲಾರೆ.

ನಿಮ್ಮಿಬ್ಬರ
ಅವ್ವ